ಟೈ ಬಿಗಿದು ಬಾಲ ಕತ್ತರಿಸುವ ಕೈಸಾಧನ



ಬಾಳೆ ನಾರು, ಕತ್ತಾಳೆ ಹಗ್ಗ, ಸುತಲಿ ದಾರ, ಹಳೇ ಸೈಕಲ್ ಟ್ಯೂಬಿನ ಪಟ್ಟಿ, ಕಟ್ಟುವ ತಂತಿ: ನಮ್ಮ ಹೊಲಮನೆಗಳಲ್ಲಿ ಏನನ್ನಾದರೂ ಕಟ್ಟಬೇಕೆಂದರೆ ಕೈಗೆ ಸಿಗುವ ಸಾಮಾನುಗಳು ಇವು. ಇವುಗಳ ಸಾಲಿಗೆ ಈಗ ಪ್ಲಾಸ್ಟಿಕ್ಕಿನ ಕೇಬಲ್ ಟೈ ಬಂದು ಸೇರಿದೆ. ಕೊಳವೆ ಬಾವಿಯ ಪೈಪಿಗೆ ವೈರು ಕಟ್ಟಲು ಅದೇ, ನೆರಳು ಪರದೆಯನ್ನು ಕಂಬಕ್ಕೆ ಬಿಗಿಯಲು ಅದೇ, ಹನಿ ನೀರಾವರಿಯ ಪೈಪನ್ನು ಗೂಟಕ್ಕೆ ಹಿಡಿಸಲೂ ಅದೇ. ಕಟ್ಟುವುದೇನೋ ಸುಲಭ. ಎಷ್ಟು ಬಿಗಿಯಬೇಕು, ಉಳಿದ ಬಾಲವನ್ನು ಎಲ್ಲಿಗೆ ಕತ್ತರಿಸಬೇಕು ಎಂಬಲ್ಲಿಯೇ ತೊಂದರೆ ಇರುವುದು. ಅದನ್ನು ಸರಿಪಡಿಸುವ ಒಂದು ಚಿಕ್ಕ ಕೈಸಾಧನದ ವಿಷಯವಾಗಿ ಈ ದಿವಸ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಟೈ ಎಂದರೆ ನೈಲಾನಿನ ಒಂದು ಪಟ್ಟಿ. ಒಂದು ತುದಿಯಲ್ಲಿ ಚೌಕನೆಯ ತಲೆ, ತಲೆಯೊಳಗೆ ಒಂದು ಪುಟ್ಟ ನಾಲಗೆ. ಪಟ್ಟಿಯ ಮೈಮೇಲೆ ಗರಗಸದ ಹಾಗೆ ಹಲ್ಲುಗಳು. ಬಾಲವನ್ನು ತಲೆಯೊಳಗೆ ತೂರಿಸಿ ಎಳೆದರೆ ನಾಲಗೆಯು ಒಂದೊಂದೇ ಹಲ್ಲನ್ನು ಮುಂದಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಇದು ಮೊದಲು ಹುಟ್ಟಿದ್ದು ಬೇಸಾಯಕ್ಕಾಗಿ ಅಲ್ಲ. ವಿಮಾನದೊಳಗಿನ ವೈರುಗಳನ್ನು ಮೇಣದ ದಾರದಿಂದ ಕಟ್ಟುವ ಕೆಲಸದಲ್ಲಿ ಆಳುಗಳ ಬೆರಳು ಕುಯ್ದು ಹೋಗುತ್ತಿದ್ದವು. ಅದನ್ನು ಕಂಡ ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ ಎಂಬವರು ಈ ಟೈಯನ್ನು ರೂಪಿಸಿ, 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಬೆರಳು ಉಳಿಸಲು ಬಂದ ವಸ್ತು, ಬಾಲವನ್ನು ಸರಿಯಾಗಿ ಕತ್ತರಿಸದಿದ್ದರೆ ಅದೇ ಬೆರಳನ್ನು ಸೀಳುತ್ತೆ ನೋಡಿ! ಕತ್ತರಿಯಿಂದಲೋ ಕುಡುಗೋಲಿನಿಂದಲೋ ಓರೆಯಾಗಿ ಕುಯ್ದ ಬಾಲದ ತುಂಡು ತಲೆಯ ಹೊರಗೆ ಮುಳ್ಳಿನ ಹಾಗೆ ನಿಲ್ಲುತ್ತದೆ. ಚಪ್ಪರದೊಳಗೆ ಕೈ ಹಾಕಿ ಕಾಯಿ ಬಿಡಿಸುವ ಹೆಣ್ಣುಮಕ್ಕಳ ಮುಂಗೈ ಮೇಲೆ ಗೀರು ಬೀಳುವುದು ಇದರಿಂದಲೇ.

ಈಗ ಸಾಧನಕ್ಕೆ ಬರೋಣ. ಅಂಗಡಿಯಲ್ಲಿ ಇದನ್ನು ಟೈ ಗನ್ ಎಂದು ಕೇಳಬೇಕು. ನೋಡಲು ಪಿಸ್ತೂಲಿನಂತೆ ಇರುತ್ತದೆ. ಮುಂದೆ ಒಂದು ಮೂತಿ, ಹಿಡಿಯ ಕೆಳಗೆ ಒಂದು ಕುದುರೆ, ಹಿಂಬದಿಯಲ್ಲಿ ಒಂದು ತಿರುಪು. ಟೈಯನ್ನು ಮೊದಲು ಕೈಯಿಂದಲೇ ಸುತ್ತಿ ಸಡಿಲವಾಗಿ ಎಳೆದುಕೊಳ್ಳಿ. ಬಾಲವನ್ನು ಮೂತಿಯ ಸೀಳಿನೊಳಗೆ ಇಳಿಸಿ, ಮೂತಿಯನ್ನು ಟೈಯ ತಲೆಗೆ ನೇರವಾಗಿ ಒತ್ತಿ ಹಿಡಿದು ಕುದುರೆಯನ್ನು ಅಮುಕಿರಿ. ಒಳಗಿನ ಹಿಡಿತವು ಬಾಲವನ್ನು ಕಚ್ಚಿ ಹಿಂದಕ್ಕೆ ಎಳೆಯುತ್ತದೆ. ತಿರುಪಿನಲ್ಲಿ ನೀವು ಇಟ್ಟ ಬಿಗಿ ಬಂದ ಕೂಡಲೇ ಅಲಗು ತಾನಾಗಿಯೇ ಬಿದ್ದು, ಬಾಲವನ್ನು ತಲೆಯ ಮಟ್ಟಕ್ಕೆ ಕತ್ತರಿಸಿಬಿಡುತ್ತದೆ. ಸಾಧನವನ್ನು ಓರೆ ಹಿಡಿದರೆ ಮಾತ್ರ ತುಂಡು ಉಳಿಯುತ್ತದೆ. ಕಡಿಮೆ ಬೆಲೆಯ ಕೆಲವು ಗನ್ನುಗಳಲ್ಲಿ ಅಲಗು ತಾನಾಗಿ ಬೀಳುವುದಿಲ್ಲ. ಬಿಗಿ ಸಾಕೆನಿಸಿದಾಗ ನಾವೇ ಕತ್ತರಿಸಬೇಕು. ಅದರಲ್ಲಿ ಬಾಲ ಚೊಕ್ಕವಾಗುತ್ತದೆಯೇ ಹೊರತು ಬಿಗಿಯ ಅಳತೆ ಸಿಗುವುದಿಲ್ಲ. ಕೊಳ್ಳುವಾಗ ತಾನಾಗಿ ಕತ್ತರಿಸುವುದನ್ನೇ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಬಿಗಿಯ ಅಳತೆ ಯಾತಕ್ಕೆ ಬೇಕು ಎಂದು ಕೇಳಬಹುದು. ಕೊಳವೆ ಬಾವಿಗೆ ಮೋಟಾರು ಇಳಿಸುವ ಕೆಲಸವನ್ನೇ ನೋಡಿ. ಮೋಟಾರಿನ ವೈರನ್ನು ಪೈಪಿನ ಉದ್ದಕ್ಕೂ ಕಟ್ಟುತ್ತಾ ಇಳಿಸುತ್ತಾರೆ. ಮೊದಲ ಹತ್ತು ಕಟ್ಟು ಗಟ್ಟಿಯಾಗಿರುತ್ತವೆ. ಆಮೇಲೆ ಕೈ ಬೆವರುತ್ತದೆ, ಸಾಯಂಕಾಲವಾಗುತ್ತದೆ, ಕಟ್ಟು ಸಡಿಲವಾಗುತ್ತದೆ. ನಮ್ಮ ಗಟ್ಟಿ ಕಲ್ಲಿನ ಸೀಮೆಗಳಲ್ಲಿ ಕೇಸಿಂಗ್ ಪೈಪು ಮುಗಿದ ಮೇಲೆ ಕೆಳಗೆ ಬರೀ ಬಂಡೆ. ಸ್ವಿಚ್ಚು ಹಾಕಿದಾಗಲೆಲ್ಲ ಮೋಟಾರು ಒಂದು ಸಲ ಒದ್ದುಕೊಳ್ಳುತ್ತದೆ, ಪೈಪು ತಿರುಚುತ್ತದೆ. ಸಡಿಲವಾದ ವೈರು ಆಗ ಬಂಡೆಯ ಅಂಚಿಗೆ ಉಜ್ಜುತ್ತದೆ. ದಿನಕ್ಕೆ ನಾಲ್ಕು ಸಲ ಉಜ್ಜಿದರೆ ವರ್ಷಕ್ಕೆ ಎಷ್ಟಾಯಿತು, ಲೆಕ್ಕ ಹಾಕಿ. ಹೊದಿಕೆ ಸವೆದು ತಾಮ್ರ ಹೊರಗೆ ಬಂದರೆ ಮೋಟಾರು ಸುಟ್ಟೀತು. ಅದಕ್ಕಿಂತ ಕೆಟ್ಟದ್ದೆಂದರೆ, ಕಬ್ಬಿಣದ ಪೈಪಿಗೆ ಕರೆಂಟು ಹರಿದು, ಮೇಲೆ ನೀರು ತಿರುಗಿಸಲು ವಾಲ್ವು ಮುಟ್ಟಿದವರಿಗೆ ಶಾಕ್ ಹೊಡೆದೀತು. ಮನೆಯವರು ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ನಿಂತು ವಾಲ್ವು ಮುಟ್ಟುತ್ತಾರೆ ಎಂಬುದನ್ನು ಮರೆಯಬೇಡಿ.

ಹಾಗೆಂದು ಮೈಯೆಲ್ಲ ಬಲ ಹಾಕಿ ಬಿಗಿದರೂ ಅಪಾಯವೇ. ಪಟ್ಟಿಯ ಅಂಚು ವೈರಿನ ಹೊದಿಕೆಯೊಳಗೆ ಕಚ್ಚಿಕೊಂಡು, ಆ ಜಾಗದಲ್ಲೇ ಗಾಯವಾಗುತ್ತದೆ. ಕಟ್ಟಿದ ಮೇಲೆ ಹೆಬ್ಬೆರಳಿನಿಂದ ವೈರನ್ನು ಸರಿಸಿ ನೋಡಿ: ಜಾರಕೂಡದು, ಹೊದಿಕೆಯಲ್ಲಿ ಗೆರೆಯೂ ಬಿದ್ದಿರಕೂಡದು. ಆ ಬಿಗಿ ಬಂದಾಗ ತಿರುಪನ್ನು ಅಲ್ಲಿಗೇ ನಿಲ್ಲಿಸಿ. ಆಮೇಲೆ ಅಪ್ಪ ಕಟ್ಟಲಿ, ಮಗ ಕಟ್ಟಲಿ, ನೂರನೆಯ ಕಟ್ಟೂ ಮೊದಲನೆಯ ಕಟ್ಟಿನ ಹಾಗೆಯೇ ಇರುತ್ತದೆ. ಹತ್ತು ಅಡಿಗೊಂದು ಕಟ್ಟು ಇರಲಿ. ಪೈಪಿನ ಜೋಡಣೆ ಇರುವಲ್ಲಿ ಅದರ ಮೇಲೊಂದು, ಕೆಳಗೊಂದು. ಟೈಯ ತಲೆ ವೈರಿನ ಮೇಲೆ ಕೂರದಂತೆ ಪಕ್ಕಕ್ಕೆ ತಿರುಗಿಸಿ. ಪ್ಲಾಸ್ಟಿಕ್ ಪೈಪಾದರೆ ಕಟ್ಟಿನಿಂದ ಕಟ್ಟಿಗೆ ವೈರು ಸೆಟೆದು ನಿಲ್ಲಬಾರದು, ಸ್ವಲ್ಪ ಸಡಿಲ ಬಿಡಿ. ಒಳವ್ಯಾಸ 50 ಮಿಲಿಮೀಟರ್ ಇರುವ 100 ಮೀಟರ್ ಪೈಪಿನಲ್ಲಿ ತುಂಬುವ ನೀರೇ ಸುಮಾರು ಎರಡು ಕ್ವಿಂಟಲ್ ತೂಗುತ್ತದೆ. ಆ ಭಾರಕ್ಕೆ ಪೈಪು ಹಿಗ್ಗುತ್ತದೆ, ವೈರು ಹಿಗ್ಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ಟೈ ಕಟ್ಟಿದ್ದೇನೆಂದು ಅರ್ಥಿಂಗ್ ಬಿಡುವ ಹಾಗಿಲ್ಲ. ಪೈಪಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ಚು ಆರಿಸಿ, ಫ್ಯೂಸು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ.

ಗನ್ನು ಕೊಳ್ಳುವಾಗ ನಿಮ್ಮ ಟೈಯ ಅಗಲ ನೋಡಿಕೊಳ್ಳಿ. 2.5 ಮಿಲಿಮೀಟರ್ ಅಗಲದ ಟೈ ಸುಮಾರು 8 ಕಿಲೋ ಎಳೆತವನ್ನು, 4.8 ಮಿಲಿಮೀಟರಿನದು ಸುಮಾರು 22 ಕಿಲೋ ಎಳೆತವನ್ನು ತಡೆಯುತ್ತದೆ. ಸಣ್ಣ ಗನ್ನು ಸಾಮಾನ್ಯವಾಗಿ ಈ 4.8ರ ತನಕ ಮಾತ್ರ. ಅದಕ್ಕಿಂತ ಅಗಲದ ಟೈಗೆ ದೊಡ್ಡ ಗನ್ನೇ ಬೇಕು; ಸಣ್ಣದರಲ್ಲಿ ತುರುಕಿದರೆ ಅಲಗು ಹಾಳು. ವರ್ಷಕ್ಕೆ ಹತ್ತಿಪ್ಪತ್ತು ಟೈ ಕಟ್ಟುವವರಿಗೆ ಇದು ಬೇಡ. ಒಂದು ನಿಪ್ಪರ್ ಇಟ್ಟುಕೊಂಡು ತಲೆಯ ಮಟ್ಟಕ್ಕೆ ಕತ್ತರಿಸಿದರೆ ಸಾಕು. ನೆರಳು ಮನೆ ಮಾಡುವವರು, ಇಲ್ಲವೇ ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಳ್ಳುವುದು ಲೇಸು.

ಟೊಮೇಟೊ ದಂಟು, ದ್ರಾಕ್ಷಿ ಬಳ್ಳಿ, ಎಳೆ ಸಸಿ, ಇವುಗಳಿಗೆ ಈ ಟೈ ಬೇಡವೇ ಬೇಡ. ಗಿಡ ದಪ್ಪವಾಗುತ್ತದೆ, ನೈಲಾನು ಜಗ್ಗುವುದಿಲ್ಲ, ಕುತ್ತಿಗೆಗೆ ಉರುಳು ಹಾಕಿದ ಹಾಗೆ. ಅಲ್ಲಿಗೆ ನಮ್ಮ ಹಳೇ ಸುತಲಿಯೇ ಸರಿ. ಮೋಟಾರಿನ ಭಾರ ಹೊರಲು ಟೈಯನ್ನು ನೆಚ್ಚಬೇಡಿ, ಅದಕ್ಕೆ ಬೇರೆ ಹಗ್ಗವೇ ಬೇಕು.

ಬಿಸಿಲಿಗೆ ಬಿಳಿ ಟೈ ಹಾಕಬೇಡಿ, ಬೇಗ ಪೆಡಸಾಗಿ ಮುರಿಯುತ್ತದೆ. ಹೊರಗಿನ ಕೆಲಸಕ್ಕೆಂದೇ ಮಾಡಿದ ಕಪ್ಪು ಟೈಯಲ್ಲಿ ಬಿಸಿಲು ತಡೆಯುವ ಇಂಗಾಲದ ಪುಡಿ ಬೆರೆತಿರುತ್ತದೆ. ನೈಲಾನಿಗೆ ಸ್ವಲ್ಪ ತೇವವೂ ಬೇಕು. ತಗಡಿನ ಸೂರಿನ ಕೆಳಗೆ ಬಾಯಿ ತೆರೆದಿಟ್ಟ ಪೊಟ್ಟಣದ ಟೈಗಳು ಬೇಸಿಗೆಯಲ್ಲಿ ಒಣಗಿ, ಗನ್ನು ಎಳೆದ ಕೂಡಲೇ ಪಟ್ಟೆಂದು ಮುರಿಯುತ್ತವೆ. ಅಂಥವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ನೋಡಬಹುದು. ಬಿಸಿಲಿಗೆ ಸತ್ತದ್ದು ಮಾತ್ರ ನೆನೆಸಿದರೆ ಬದುಕುವುದಿಲ್ಲ.

ಕತ್ತರಿಸಿದ ಬಾಲ ಸಿಡಿದು ಕಣ್ಣಿಗೆ ಬೀಳಬಹುದು. ಮೂತಿಯನ್ನು ಮುಖದಿಂದ ಆಚೆಗೆ ಹಿಡಿಯಿರಿ. ಬಿದ್ದ ಬಾಲಗಳನ್ನು ಮಕ್ಕಳಿಂದಲಾದರೂ ಆರಿಸಿ ಡಬ್ಬಿಗೆ ಹಾಕಿಸಿ. ಮೇವಿನ ಜೊತೆ ದನದ ಹೊಟ್ಟೆ ಸೇರಿದ ಪ್ಲಾಸ್ಟಿಕ್ಕು ಕರಗುವುದಿಲ್ಲ. ಕೆಲಸ ಮುಗಿದ ಮೇಲೆ ಮೂತಿಯ ಧೂಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಕೀಲಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಬಾಲ ಕತ್ತರಿಸದೆ ಜಗಿದಂತಾದರೆ ಅಲಗು ಮೊಂಡಾಗಿದೆಯೆಂದು ತಿಳಿಯಿರಿ. ಅನೇಕ ಗನ್ನುಗಳಲ್ಲಿ ಅಲಗನ್ನು ಮಾತ್ರ ಬಿಚ್ಚಿ ಬದಲಾಯಿಸಬಹುದು, ಅಂಗಡಿಯವನನ್ನು ಕೊಳ್ಳುವ ದಿನವೇ ಕೇಳಿಕೊಳ್ಳಿ.