ಹೊಡೆದಾಟದ ಸಿನಿಮಾ, ಎಣ್ಣೆಯ ಕಥೆ

ಅಕ್ಕಂದಿರೇ, ಹೊಡೆದಾಟದ ಸಿನಿಮಾ ನಾವೆಲ್ಲ ನೋಡಿದ್ದೇವೆ. ಹೀರೋ ಬರ್ತಾನೆ, ಕೇಡಿಗಳನ್ನು ಹೊಡೀತಾನೆ. ಆದರೆ ನೆಲ, ನೀರು ಉಳಿಸಲು ಹೊಡೆದಾಡುವ ಹೀರೋ ಗೊತ್ತೇ?

1994ರಲ್ಲಿ ಅಮೆರಿಕದಲ್ಲಿ ಅಂಥ ಸಿನಿಮಾ ಬಂತು. ಹೆಸರು ‘ಆನ್ ಡೆಡ್ಲಿ ಗ್ರೌಂಡ್’. ಹೀರೋ ಸ್ಟೀವನ್ ಸೀಗಲ್. ಕಥೆ ನಡೆಯುವುದು ಅಲಾಸ್ಕದಲ್ಲಿ. ಅದು ಹಿಮದ ನಾಡು. ಅಲ್ಲಿ ನೆಲದೊಳಗೆ ಕಚ್ಚಾ ಎಣ್ಣೆ ಇದೆ. ಪೆಟ್ರೋಲು, ಸೀಮೆಎಣ್ಣೆ ಬರುವುದು ಇದರಿಂದಲೇ. ಸಿನಿಮಾದ ಕಂಪನಿ ದುಡ್ಡಿನ ಆಸೆಗೆ ಕೆಟ್ಟ ಯಂತ್ರ ಬಳಸುತ್ತದೆ. ಕಂಪನಿಯ ಕೆಲಸಗಾರನಾದ ಹೀರೋ ಅದನ್ನು ಕಂಡುಹಿಡಿಯುತ್ತಾನೆ. ಅವನನ್ನು ಕೊಲ್ಲಲು ನೋಡುತ್ತಾರೆ. ಅಲ್ಲಿನ ಮೂಲನಿವಾಸಿಗಳು ಉಳಿಸುತ್ತಾರೆ. ಆಮೇಲೆ ಹೊಡೆದಾಟವೋ ಹೊಡೆದಾಟ!

ಇದು ಕಟ್ಟುಕಥೆ. ನಿಜವಾಗಿ ನಡೆದದ್ದು ಕೇಳಿ. 1989ರ ಮಾರ್ಚ್ 24ರಂದು ಅಲಾಸ್ಕದ ಕಡಲಲ್ಲಿ ಎಣ್ಣೆ ಹಡಗೊಂದು ಬಂಡೆಗೆ ಬಡಿಯಿತು. ಸುಮಾರು 4 ಕೋಟಿ ಲೀಟರ್ ಎಣ್ಣೆ ನೀರಿಗೆ ಸೋರಿತು. ರೆಕ್ಕೆಗೆ ಎಣ್ಣೆ ಅಂಟಿ ಲಕ್ಷಾಂತರ ಹಕ್ಕಿಗಳು ಸತ್ತವು. ಮೀನುಗಾರರ ಕೆಲಸ ನಿಂತಿತು.

ಆಗ ಸಿನಿಮಾ ಹೀರೋ ಬರಲಿಲ್ಲ. ಮೀನುಗಾರರೇ ದೋಣಿ ಹತ್ತಿ ಹೊರಟರು. ಮೀನುಮರಿ ಸಾಕುವ ಜಾಗಕ್ಕೆ ಎಣ್ಣೆ ನುಗ್ಗದಂತೆ ತೇಲುವ ತಡೆ ಕಟ್ಟಿದರು. 1990ರಲ್ಲಿ ಅಮೆರಿಕ ಕಾನೂನು ಮಾಡಿತು. ಹೊಸ ಎಣ್ಣೆ ಹಡಗಿಗೆ ಎರಡು ಪದರದ ಹೊರಮೈ ಇರಲೇಬೇಕು ಎಂದಿತು.

ಸಿನಿಮಾದಲ್ಲಿ ಒಬ್ಬ ಹೊಡೆದರೆ ಸಾಕು. ಬದುಕಿನಲ್ಲಿ ಹತ್ತು ಜನ ಕೂಡಬೇಕು, ಕಾನೂನೂ ಬೇಕು. ನೀವೇನಂತೀರಿ?