ಮರದ ಬಳೆಯೊಳಗಿನ ಕುದುರೆ

ಜರ್ಮನಿಯ ಸೈಫೆನ್ ಎಂಬ ಹಳ್ಳಿಯಲ್ಲಿ ಆಟಿಕೆಯ ಕುದುರೆ ತಯಾರಾಗುವ ಬಗೆಯೇ ಬೇರೆ. ಸ್ಪ್ರೂಸ್ ಮರದ ದಿಮ್ಮಿಯಿಂದ ಕೊಯ್ದ ಹಸಿ ಬಿಲ್ಲೆಯನ್ನು ಲೇತ್‌ಗೆ ಸಿಕ್ಕಿಸಿ, ಉಳಿ ಹಿಡಿದು ಎರಡೂ ಬದಿಯಲ್ಲಿ ಏರುತಗ್ಗು ತೆಗೆಯುತ್ತಾರೆ. ಕೊನೆಗೆ ಕೈಗೆ ಬರುವುದು ದಪ್ಪನೆಯ ಬಳೆ. ಅದರಲ್ಲಿ ಕುದುರೆಯ ಸುಳಿವೇ ಇಲ್ಲ. ಆ ಬಳೆಯನ್ನು ಸುತ್ತಲೂ ಹೋಳು ಹೋಳಾಗಿ ಸೀಳಿದರೆ ಪ್ರತಿ ಹೋಳೂ ಒಂದು ಕುದುರೆ! ಬೆನ್ನು, ಹೊಟ್ಟೆ, ಕತ್ತು ಎಲ್ಲವೂ ಲೇತ್ ಮೇಲೆಯೇ ಮೂಡಿರುತ್ತವೆ. ಆಮೇಲೆ ಸ್ವಲ್ಪ ಕೆತ್ತಿ, ಕಿವಿ-ಬಾಲ ಅಂಟಿಸಿ, ಬಣ್ಣ ಹಚ್ಚಿದರಾಯಿತು. ಸೀಳುವ ತನಕ ಪ್ರಾಣಿಯ ಆಕಾರ ಮಾಡುವವರ ಕಣ್ಣಿಗೂ ಬೀಳದು, ಎಲ್ಲ ಕೈಯಂದಾಜು. ಈ ವಿದ್ಯೆ ಬಲ್ಲವರು ಈಗ ಬೆರಳೆಣಿಕೆಯಷ್ಟು.

ಸೈಫೆನ್ ಇರುವುದು ಸ್ಯಾಕ್ಸನಿ ರಾಜ್ಯದಲ್ಲಿ, ಜೆಕ್ ಗಡಿಗೆ ತಾಗಿದ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲಿನಲ್ಲಿ. 1168ರಲ್ಲಿ ಫ್ರೈಬರ್ಗ್ ಬಳಿ ಬೆಳ್ಳಿ ಸಿಕ್ಕಿದ ಮೇಲೆ ಈ ಸೀಮೆ ಶತಮಾನಗಳ ಕಾಲ ಅದಿರನ್ನೇ ನಂಬಿ ಬಾಳಿತು. 1765ರಲ್ಲಿ ಫ್ರೈಬರ್ಗ್‌ನಲ್ಲಿ ಶುರುವಾದ ಗಣಿವಿದ್ಯಾ ಅಕಾಡೆಮಿ ಇಂದಿಗೂ ವಿಶ್ವವಿದ್ಯಾಲಯವಾಗಿ ನಡೆಯುತ್ತಿದೆ.

ಸೈಫೆನ್‌ನ ಸಂಪತ್ತು ತವರ. ಅದು ಕೈಕೊಟ್ಟಾಗ ಗಣಿಯಾಳುಗಳ ಕುಟುಂಬಗಳು ಕಾಡಿನ ಮರಕ್ಕೆ ಕೈಹಾಕಿದವು. ಬಾಯಗಲಿಸಿ ಬೀಜ ಒಡೆಯುವ ಸಿಪಾಯಿ, ಬಾಯಿಂದ ಧೂಪದ ಹೊಗೆ ಬಿಡುವ ಮುದುಕ, ಮೇಣದಬತ್ತಿಯ ಬಿಸಿಗಾಳಿಗೆ ತಿರುಗುವ ಗೋಪುರ ಇವೆಲ್ಲ ಇಲ್ಲಿನ ಕೈಗಳಲ್ಲಿ ಮೆರುಗು ಪಡೆದವು. ಹಳೆಯ ವಾಡಿಕೆಯಂತೆ ಕ್ರಿಸ್‌ಮಸ್ ಹೊತ್ತಿಗೆ ಮನೆಯ ಕಿಟಕಿಯಲ್ಲಿ ಒಬ್ಬೊಬ್ಬ ಮಗನಿಗೆ ಒಬ್ಬ ಗಣಿಗಾರ, ಒಬ್ಬೊಬ್ಬ ಮಗಳಿಗೆ ಒಬ್ಬ ದೇವದೂತೆ ದೀಪ ಹಿಡಿದು ನಿಲ್ಲುತ್ತಾರೆ. ಇದೇ ಬೆಟ್ಟಸಾಲಿನ ಗ್ಲಾಸ್‌ಹ್ಯೂಟೆ ಊರಿಗೆ ಮಾತ್ರ ಬೇರೆ ದಾರಿ ಸಿಕ್ಕಿತು: 1845ರಲ್ಲಿ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಸರ್ಕಾರದ ಸಾಲ ಪಡೆದು ಊರ ಹುಡುಗರಿಗೆ ಗಡಿಯಾರದ ಕೆಲಸ ಕಲಿಸಿದ. ಅಲ್ಲಿನ ಕೈಗಡಿಯಾರ ಇಂದು ಸಿರಿವಂತರ ಸರಕು.

ಕಥೆ ಇಷ್ಟು ಮುದ್ದಾಗಿಯೇ ಉಳಿಯಲಿಲ್ಲ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಅಣುಬಾಂಬಿಗಾಗಿ ಈ ಬೆಟ್ಟಗಳಲ್ಲಿ ಯುರೇನಿಯಂ ಅಗೆದರು. ರೇಡಾನ್ ನೀರಿನ ಸ್ನಾನಕ್ಕೆ ಹೆಸರಾಗಿದ್ದ ಶ್ಲೇಮಾ ಊರು ಆ ಅಗೆತದಲ್ಲಿ ಹಾಳಾಯಿತು. 1990ರಲ್ಲಿ ಗಣಿ ನಿಂತ ಮೇಲೆ ಜರ್ಮನ್ ಸರ್ಕಾರ ಕೋಟಿಗಟ್ಟಲೆ ಯೂರೋ ಸುರಿದು ನೆಲ ಸರಿಪಡಿಸಿತು. 1998ರಲ್ಲಿ ಶ್ಲೇಮಾದಲ್ಲಿ ಸ್ನಾನಗೃಹ ಮತ್ತೆ ತೆರೆಯಿತು. ಆಟಿಕೆಗಿಂತ ದೊಡ್ಡ ಸಾಧನೆ ಇದೇ ಎನ್ನಬೇಕು.

2019ರಲ್ಲಿ ಯುನೆಸ್ಕೋ ಗಡಿಯ ಎರಡೂ ಬದಿಯ ಗಣಿನೆಲೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಿರು ಕೊಡುತ್ತಿದ್ದ ಸುರಂಗಗಳು ಈಗ ಟಿಕೆಟಿನ ಹಣ ಕೊಡುತ್ತಿವೆ. ಆದರೆ ಆಟಿಕೆಯ ವ್ಯಾಪಾರ ಕ್ರಿಸ್‌ಮಸ್ಸನ್ನೇ ಅತಿಯಾಗಿ ನೆಚ್ಚಿಕೊಂಡಿದೆ. ಅಗ್ಗದ ವಿದೇಶಿ ನಕಲುಗಳ ಕಾಟ ಬೇರೆ.

ಹೋಗುವವರು ಡಿಸೆಂಬರ್‌ನ ನೂಕುನುಗ್ಗಲು ಬಿಟ್ಟು ಬೇಸಿಗೆಯಲ್ಲಿ ಹೋಗಲಿ. ಸೈಫೆನ್‌ನ ಬಯಲು ವಸ್ತುಸಂಗ್ರಹಾಲಯದಲ್ಲಿ ನೀರಿನ ಚಕ್ರದಿಂದ ನಡೆಯುತ್ತಿದ್ದ ಹಳೆಯ ಲೇತ್ ಮನೆಯನ್ನು ನೋಡಬಹುದು. ಅಲ್ಲಿಂದ ಕ್ರಾಂತ್‌ಸಾಲ್‌ಗೆ ಹೋದರೆ, 1897ರಿಂದ ಓಡುತ್ತಿರುವ ಉಗಿಬಂಡಿ ಒಬರ್‌ವೀಸೆನ್‌ಟಾಲ್ ತನಕ ಬೆಟ್ಟ ಹತ್ತಿಸುತ್ತದೆ.