ಎಸ್ಸೆಸ್ಸೆಲ್ಸಿ ನಂತರ ಪಿಯುಸಿಯೊಂದೇ ದಾರಿಯೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಲಹಂಕದಿಂದ ಆರ್.ಟಿ. ನಗರದವರೆಗೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: ‘ಸೈನ್ಸೋ, ಕಾಮರ್ಸೋ?’ ಮಗನೋ ಮಗಳೋ ಐಟಿಐ ಮಾತೆತ್ತಿದರೆ, ‘ಮಾರ್ಕ್ಸ್ ಚೆನ್ನಾಗೇ ಬಂದಿದೆಯಲ್ಲ, ಅದ್ಯಾಕೆ?’ ಎನ್ನುತ್ತಾರೆ. ಕೈಕೆಲಸ ಕಲಿಯುವುದು ಕಡಿಮೆ ಅಂಕ ತೆಗೆದವರಿಗೆ ವಿಧಿಸಿದ ಶಿಕ್ಷೆ ಎಂಬ ಭಾವನೆ ಇನ್ನೂ ಹೋಗಿಲ್ಲ.

ಇದಕ್ಕೆ ಬೆಲೆ ತೆರುವವರು ಮಕ್ಕಳು. ನೆರೆಹೊರೆಯವರನ್ನು ನೋಡಿ ವಿಜ್ಞಾನಕ್ಕೆ ಸೇರಿ, ಅದು ಒಗ್ಗದೆ ಎರಡು ವರ್ಷ ಕಳೆದು, ಕೊನೆಗೆ ಐಟಿಐ ಬಾಗಿಲಿಗೇ ಬರುವ ಹುಡುಗ ಕಾಲವನ್ನಷ್ಟೇ ಅಲ್ಲ, ತನ್ನ ಮೇಲಿನ ನಂಬಿಕೆಯನ್ನೂ ಕಳೆದುಕೊಂಡಿರುತ್ತಾನೆ.

ಬೆಂಗಳೂರಿನ ಉತ್ತರ ಭಾಗ ಬೆಳೆದದ್ದರಲ್ಲಿ ಕುಶಲಕರ್ಮಿಗಳ ಪಾಲು ದೊಡ್ಡದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿ ಜಾಲಹಳ್ಳಿ ಕೈಗಾರಿಕಾ ಊರಾಯಿತು. ಫಿಟ್ಟರ್, ಟರ್ನರ್‌ಗಳ ಸಂಬಳದಲ್ಲಿ ಎಷ್ಟೋ ಮನೆಗಳು ಎದ್ದವು, ಮಕ್ಕಳು ಓದಿದರು. ಯಶವಂತಪುರದ ತುಮಕೂರು ರಸ್ತೆಯಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ 1971ರಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ಆರಂಭವಾಯಿತು. ಮರುವರ್ಷ ಡೆನ್ಮಾರ್ಕ್ ನೆರವಿನಿಂದ ಬಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಪಕ್ಕದ ರಾಜಾಜಿನಗರದಲ್ಲಿದೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಬಳಿಕ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಪೀಣ್ಯದಲ್ಲಿ ಎನ್‌ಟಿಟಿಎಫ್ ಇದೆ. ಯಂತ್ರಗಳಲ್ಲಿ ಆಸಕ್ತಿಯಿಲ್ಲದವರಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವಿದೆ. ಎಲ್ಲವೂ ಸಿಟಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ.

‘ಐಟಿಐ ಮಾಡಿದರೆ ಓದು ಅಲ್ಲಿಗೇ ನಿಂತಿತು’ ಎಂಬುದೂ ತಪ್ಪು ತಿಳಿವಳಿಕೆ. ಫಿಟ್ಟರ್, ಎಲೆಕ್ಟ್ರೀಷಿಯನ್‌ನಂಥ ಎರಡು ವರ್ಷದ ಟ್ರೇಡ್ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಲು ಅವಕಾಶವಿದೆ. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಇದು ಸುತ್ತುದಾರಿ ನಿಜ. ಆದರೆ ಪ್ರತಿ ತಿರುವಿನಲ್ಲೂ ಕೈಯಲ್ಲೊಂದು ಕಸುಬು ಇರುತ್ತದೆ.

1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಭತ್ಯೆ ಪಡೆಯುತ್ತಾ ಕಲಿಯಬಹುದು. 1984ರಿಂದ ರೈಲುಗಾಲಿ ತಯಾರಿಸುತ್ತಿರುವ ಯಲಹಂಕದ ಕಾರ್ಖಾನೆಯೂ ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತದೆ. ಆದರೆ ಅಪ್ರೆಂಟಿಸ್ ಆದವರಿಗೆಲ್ಲ ಅಲ್ಲೇ ಕೆಲಸ ಖಾತ್ರಿಯಿಲ್ಲ. ಕಾರ್ಖಾನೆಯೂ ಶಾಶ್ವತವಲ್ಲ, ಎಚ್‌ಎಂಟಿ ವಾಚ್ ಕಾರ್ಖಾನೆಗಳೇ ಮುಚ್ಚಿಹೋದವು. ಲೇತ್ ಕಲಿತವರು ಸಿಎನ್‌ಸಿಯನ್ನೂ ಕಲಿಯಲೇಬೇಕು.

ಪೋಷಕರು ಮಾಡಬೇಕಾದದ್ದು ಇಷ್ಟು. ಖಾಸಗಿ ಐಟಿಐಗೆ ಶುಲ್ಕ ಕಟ್ಟುವ ಮುನ್ನ ಆ ಟ್ರೇಡಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ವರ್ಕ್‌ಶಾಪಿನೊಳಗೆ ಹೋಗಿ, ಯಂತ್ರಗಳು ಓಡುತ್ತಿವೆಯೇ, ದೂಳು ಹಿಡಿದಿವೆಯೇ ನೋಡಿ. ಕಳೆದ ವರ್ಷ ಕಲಿತವರನ್ನು ಮಾತನಾಡಿಸಿ. ಇದೆಲ್ಲ ಗಂಡುಮಕ್ಕಳಿಗೆ ಮಾತ್ರ ಎಂದುಕೊಳ್ಳಬೇಡಿ. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿದೆ.

ಶಾಲೆಗಳ ಹೊಣೆಯೂ ಇದೆ. ಮಾರ್ಗದರ್ಶನವೆಂದರೆ ಪರೀಕ್ಷೆ ಮುಗಿದ ಮೇಲಿನ ಒಂದು ಭಾಷಣವಲ್ಲ. ಒಂಬತ್ತನೇ ತರಗತಿಯಲ್ಲೇ ಮಕ್ಕಳನ್ನು ಇಂಥ ತರಬೇತಿ ಕೇಂದ್ರಕ್ಕೆ ಒಂದು ದಿನ ಕರೆದೊಯ್ಯಲಿ. ಯಂತ್ರದ ಮುಂದೆ ನಿಂತಾಗ ಯಾರ ಕಣ್ಣು ಅರಳುತ್ತದೆಂದು ಮೇಷ್ಟ್ರಿಗೆ ತಿಳಿಯುತ್ತದೆ. ಅದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ.